ಗಲ್ಲಾಪೆಟ್ಟಿಗೆಯಿಂದ ತರಗತಿಗೆ

ಹಾಲುರಾಮೇಶ್ವರದಂಥ ಕ್ಷೇತ್ರದ ಹಣ್ಣುಕಾಯಿ ಅಂಗಡಿಯಾಗಲಿ, ಹೊಸದುರ್ಗದ ತೆಂಗಿನಕಾಯಿ ಮಂಡಿಯಾಗಲಿ, ಗಲ್ಲಾದ ಮುಂದೆ ಕುಳಿತ ಯಜಮಾನರನ್ನು ಕಾಡುವ ಪ್ರಶ್ನೆ ಒಂದೇ: ನನ್ನ ನಂತರ ಯಾರು? ಮನೆಯ ಜಗುಲಿಯ ಈ ಮಾತು ವಿಶ್ವವಿದ್ಯಾಲಯದ ತರಗತಿ ಸೇರಲು ಬಹುಕಾಲ ಹಿಡಿಯಿತು.

ಉದ್ಯಮ ಬೆಳೆದಂತೆ ಕುಟುಂಬ ಹಿಂದೆ ಸರಿದು, ಸಂಬಳದ ಅಧಿಕಾರಿಗಳು ಮುಂದೆ ಬರುತ್ತಾರೆ ಎಂಬುದು ಹಿಂದಿನ ಅನೇಕ ವಿದ್ವಾಂಸರ ಎಣಿಕೆಯಾಗಿತ್ತು. 1953ರಲ್ಲಿ ಹಾರ್ವರ್ಡ್‌ನ ರೋಲಂಡ್ ಕ್ರಿಸ್ಟೆನ್ಸನ್ ಸಣ್ಣ ಸಂಸ್ಥೆಗಳ ಉತ್ತರಾಧಿಕಾರ ಕುರಿತು ಪುಸ್ತಕ ಬರೆದರು. 1978ರಲ್ಲಿ ಅಲ್ಲಿಯೇ ಟಾಗಿಯೂರಿ ಮತ್ತು ಡೇವಿಸ್ ಒಂದರೊಳಗೊಂದು ಹೆಣೆದ ಮೂರು ವೃತ್ತಗಳ ಚಿತ್ರ ರೂಪಿಸಿದರು: ಕುಟುಂಬ, ಒಡೆತನ, ವ್ಯವಹಾರ. ಪಾಲಿದ್ದರೂ ಅಂಗಡಿಯಲ್ಲಿ ಕೆಲಸವಿಲ್ಲದ ಮಗಳು, ದುಡಿದರೂ ಪಾಲಿಲ್ಲದ ಸೋದರಳಿಯ ಒಂದೇ ವ್ಯವಹಾರವನ್ನು ಬೇರೆ ಬೇರೆ ಕಡೆ ನಿಂತು ನೋಡುತ್ತಾರೆ. ಎಷ್ಟೋ ಜಗಳಗಳಿಗೆ ಸ್ವಭಾವಕ್ಕಿಂತ ಈ ಸ್ಥಾನಭೇದವೇ ಕಾರಣವೆಂದು ಚಿತ್ರ ತೋರಿಸಿತು. 1988ರಲ್ಲಿ ‘ಫ್ಯಾಮಿಲಿ ಬಿಸಿನೆಸ್ ರಿವ್ಯೂ’ ಎಂಬ ಸಂಶೋಧನಾ ಪತ್ರಿಕೆ ಆರಂಭವಾಗಿ, ಅಧ್ಯಯನಕ್ಕೆ ಸ್ವಂತ ನೆಲೆ ದೊರೆಯಿತು.

ನಮ್ಮಲ್ಲಿಯ ಉದಾಹರಣೆ ಎಂಟಿಆರ್. 1924ರಲ್ಲಿ ಮಯ್ಯ ಸೋದರರು ಬೆಂಗಳೂರಿನಲ್ಲಿ ತೆರೆದ ಹೋಟೆಲಿನಿಂದ ಸಿದ್ಧ ಆಹಾರದ ಉದ್ಯಮ ಬೆಳೆಯಿತು. 2007ರಲ್ಲಿ ಆ ಆಹಾರ ಕಂಪನಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲು ಕುಟುಂಬದಲ್ಲೇ ಉಳಿಯಿತು. ಹೆಸರು ಒಂದೇ ಇದ್ದರೂ ಒಡೆತನ ಎರಡಾಯಿತು.

2005ರ ಕಾನೂನು ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ದೇಶದೆಲ್ಲೆಡೆ ಸಮಪಾಲಿದೆ. ಪಾಲು ಯಾರಿಗೆ, ಗಲ್ಲಾ ಯಾರಿಗೆ ಎಂಬುವು ಎರಡು ಪ್ರಶ್ನೆಗಳು. ಯಜಮಾನರು ಇರುವಾಗಲೇ ಮನೆಮಂದಿ ಕೂತು ಅವನ್ನು ಬೇರೆ ಬೇರೆಯಾಗಿ ಮಾತನಾಡಿಕೊಂಡರೆ, ಅಂಗಡಿಯ ಬಾಗಿಲೂ ಮನೆಯ ಬಾಗಿಲೂ ತೆರೆದಿರುತ್ತವೆ.