‘ಅಥವಾ’ ಎಂಬ ಅವ್ಯಯ: ಅಶ್ವದಳದ ಕಪಾಲಲಾಂಛನವನ್ನು ಕುರಿತು ಒಂದು ಪರಾಮರ್ಶೆ

ಕಪಾಲಚಿಹ್ನೆಯ ಉಂಗುರಗಳನ್ನು ಕುರಿತು ಹಿರಿಯ ವಿದ್ವಾಂಸರೊಬ್ಬರು ಬರೆದಿರುವ ಪ್ರಬಂಧದ ಕೊನೆಯಲ್ಲಿ ಒಂದು ವಂಶವೃಕ್ಷವನ್ನು ಲಗತ್ತಿಸಲಾಗಿದೆ. ಅದರ ಬುಡದಲ್ಲಿ 1741ರ ಪ್ರಷ್ಯದ ಕರಿಯುಡುಪಿನ ಹುಸ್ಸಾರ್ ಎಂಬ ಲಘು ಅಶ್ವಪಡೆ, ಅದರ ಮೇಲೆ 1759ರ ಇಂಗ್ಲೆಂಡಿನ ಅಶ್ವದಳ, ಬಳಿಕ 1809ರ ಬ್ರನ್ಸ್‌ವಿಕ್ ಸೇನೆ, ತುತ್ತತುದಿಯಲ್ಲಿ 1933ರ ನಾಜಿ ಎಸ್‌ಎಸ್ ಉಂಗುರ. ಹೀಗೆ ಕೊಂಬೆಗೆ ಕೊಂಬೆ ಕೂಡಿಸಿ, ಶತ್ರುವಿನಲ್ಲಿ ಭೀತಿಯನ್ನು ಹುಟ್ಟಿಸುವುದೇ ಸೈನಿಕಕಪಾಲದ ಮೂಲಾರ್ಥವೆಂದೂ, ಅಕ್ಕಸಾಲಿಗರು ಅದನ್ನು ಸೈನ್ಯದಿಂದ ಎರವಲು ತಂದರೆಂದೂ ಅವರು ತೀರ್ಮಾನಿಸಿದ್ದಾರೆ. ಅವರ ಪರಿಶ್ರಮದ ವಿಷಯದಲ್ಲಿ ನನಗೆ ಗೌರವವುಂಟು. ಆದರೆ ಈ ವೃಕ್ಷವು ಬೇರು ಮೇಲಾಗಿ ನೆಟ್ಟ ವೃಕ್ಷವೆಂಬುದನ್ನು ಹೇಳದೆ ಗತ್ಯಂತರವಿಲ್ಲ.

ಅವರ ವಾದದ ಆಧಾರಸ್ತಂಭ ಇಂಗ್ಲೆಂಡಿನ 17ನೆಯ ಅಶ್ವದಳದ ಲಾಂಛನ. 1759ರ ಸೆಪ್ಟೆಂಬರ್ 13ರಂದು ಕ್ವಿಬೆಕ್ ನಗರದ ಹೊರಗಣ ಬಯಲಿನಲ್ಲಿ ಸೇನಾನಿ ಜೇಮ್ಸ್ ವುಲ್ಫ್ ಗೆಲವಿನ ಗಳಿಗೆಯಲ್ಲೇ ಮಡಿದನು. ಆ ವಾರ್ತೆಯನ್ನು ಲಂಡನ್ನಿಗೆ ಹೊತ್ತು ತಂದ ಕರ್ನಲ್ ಜಾನ್ ಹೇಲ್ ಅದೇ ವರ್ಷ ಹೊಸದೊಂದು ಅಶ್ವದಳವನ್ನು ಕಟ್ಟುವ ಅಧಿಕಾರವನ್ನು ಪಡೆದು, ಮಡಿದ ಸೇನಾನಿಯ ನೆನಪಿಗಾಗಿ ಈ ಚಿಹ್ನೆಯನ್ನು ಆರಿಸಿದನು. ಲಾಂಛನವನ್ನು ಕೊಂಚ ಹತ್ತಿರದಿಂದ ನೋಡೋಣ. ಎದುರುಮುಖದ ಒಂದು ತಲೆಬುರುಡೆ, ಅದರೊಡನೆ ಅಡ್ಡಹಾಯ್ದ ಎರಡು ಎಲುಬು, ತಳದಲ್ಲಿ ಸುರುಳಿಪಟ್ಟಿ, ಪಟ್ಟಿಯ ಮೇಲೆ ಎರಡೇ ಪದ, ‘ಆರ್ ಗ್ಲೋರಿ’, ಎಂದರೆ ‘ಅಥವಾ ಕೀರ್ತಿ’. ವಾಕ್ಯದ ಮೊದಲ ಪದವನ್ನು ಅಕ್ಷರಗಳಲ್ಲಿ ಕೆತ್ತಿಲ್ಲ. ಬುರುಡೆಯೇ ಆ ಪದ. ಚಿತ್ರವನ್ನೂ ಅಕ್ಷರವನ್ನೂ ಕೂಡಿಸಿಕೊಂಡು ‘ಮರಣ ಅಥವಾ ಕೀರ್ತಿ’ ಎಂದು ಓದಿಕೊಳ್ಳಬೇಕು.

ಹಿರಿಯರು ‘ಮರಣ’ವನ್ನೂ ಓದಿದರು, ‘ಕೀರ್ತಿ’ಯನ್ನೂ ಓದಿದರು, ನಡುವಣ ಅವ್ಯಯವನ್ನು ಮಾತ್ರ ದಾಟಿಬಿಟ್ಟರು. ನನಗೆ ಶಾಸನಗಳನ್ನು ಓದಲು ಕಲಿಸಿದ ಗುರುಗಳು, ಬಿರುದುಗಳಿಗೆ ಮಾರುಹೋಗಬೇಡ, ಮೊದಲು ಅವ್ಯಯಗಳನ್ನು ಹಿಡಿ ಎನ್ನುತ್ತಿದ್ದರು. (ಆ ಶಿಸ್ತನ್ನು ಇಂದು ಹಳೆಯ ಕಾಲದ ಗೊಡ್ಡುತನವೆನ್ನುವವರಿದ್ದಾರೆ, ಇರಲಿ.) ಈ ಬುರುಡೆ ಶತ್ರುವಿನದಾಗಿದ್ದ ಪಕ್ಷದಲ್ಲಿ ಅವನ ಮರಣವೂ ನಮ್ಮ ಕೀರ್ತಿಯೂ ಒಂದೇ ಗೆಲವಿನ ಎರಡು ಹೆಸರುಗಳಾಗಿ, ಅವುಗಳ ನಡುವೆ ‘ಮತ್ತು’ ಬರಬೇಕಿತ್ತಲ್ಲದೆ ವಿಕಲ್ಪಕ್ಕೆ ಆಸ್ಪದವೇ ಇರುತ್ತಿರಲಿಲ್ಲ. ‘ಅಥವಾ’ ಎಂದೊಡನೆ ಎರಡು ಪಕ್ಷಗಳೂ ಒಬ್ಬನೇ ಕರ್ತೃವಿನ ಮುಂದೆ ನಿಲ್ಲುತ್ತವೆ: ಕುದುರೆಯೇರಿದ ಈತನಿಗೆ ಕೀರ್ತಿ ದೊರೆಯಬಹುದು, ಇಲ್ಲವೆ ಈತನೇ ಸಾಯಬಹುದು. ಬುರುಡೆ ಧರಿಸಿದವನದೇ.

ಇದು ಒಂದು ಅವ್ಯಯದ ಮೇಲೆ ಕಟ್ಟಿದ ಗಾಳಿಗೋಪುರವೆಂದು ಯಾರಾದರೂ ಆಕ್ಷೇಪಿಸಿಯಾರು. ಅವರು 1758ರಲ್ಲಿ ಪ್ರಷ್ಯದಲ್ಲಿ ಕಟ್ಟಿದ ಬೆಲ್ಲಿಂಗ್ ಹುಸ್ಸಾರರ ಟೊಪ್ಪಿಗೆಯನ್ನು ನೋಡಲಿ. ಮುಂದೆ ನೆಪೋಲಿಯನ್ನನನ್ನು ಎದುರಿಸಿದ ಬ್ಲ್ಯೂಖರ್ ಪ್ರಷ್ಯದ ಸೇವೆಗೆ ಸೇರಿದ್ದು ಈ ಪಡೆಯ ಮೂಲಕವೇ. ಅಲ್ಲಿ ಬರಿಯ ಬುರುಡೆಯಲ್ಲ, ಇಡೀ ಅಸ್ಥಿಪಂಜರವೇ ಕುಡುಗೋಲನ್ನೂ ಮರಳುಗಡಿಯಾರವನ್ನೂ ಹಿಡಿದು ಒರಗಿದೆ. ಅದರ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ ‘ಗೆಲ್ಲುವುದು ಅಥವಾ ಸಾಯುವುದು’. ಮತ್ತೆ ಅದೇ ಅವ್ಯಯ! ಶತ್ರುವನ್ನು ಹೆದರಿಸಹೊರಟವನಿಗೆ ಮರಳುಗಡಿಯಾರವೇತಕ್ಕೆ? ಅದು ಚರ್ಚಿನ ಗೋರಿಕಲ್ಲುಗಳಿಂದ, ಆಯುಸ್ಸು ಸೋರುತ್ತಿರುವುದನ್ನು ನೆನಪಿಸುವ ಆಭರಣಗಳಿಂದ ಬಂದ ವಸ್ತು.

ಇಲ್ಲಿಯೇ ಹಿರಿಯರು ಅಲಕ್ಷಿಸಿದ ಆಕರದ ಪ್ರಸಕ್ತಿ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ 16ನೆಯ ಶತಮಾನದ ಉತ್ತರಾರ್ಧದ ಚಿನ್ನದುಂಗುರವೊಂದಿದೆ. ಅದರ ಷಟ್ಕೋನಾಕೃತಿಯ ಮುಖದ ಮೇಲೆ ಎನಾಮೆಲ್ಲಿನ ಬುರುಡೆ. ಸುತ್ತಲೂ ‘ಅಂತ್ಯವನ್ನು ನೋಡು’ ಎಂಬರ್ಥದ ಬರಹ. ಅಂಚಿನಲ್ಲಿ ‘ಹುಸಿನಿಷ್ಠೆಗಿಂತ ಮರಣವೇ ಲೇಸು’ ಎಂಬ ಭಾವದ ಇನ್ನೊಂದು ಬರಹ. ಹಿಂಬದಿಯಲ್ಲಿ ಪ್ರೇಮದ ಗಂಟಿನಿಂದ ಬೆಸೆದ ಎಂ ಮತ್ತು ಎಲ್ ಎಂಬ ಎರಡಕ್ಷರ. ಹೇಲನ ಅಶ್ವದಳಕ್ಕಿಂತ ಒಂದೂವರೆ ಶತಮಾನಕ್ಕೂ ಹಿಂದೆಯೇ ಅಕ್ಕಸಾಲಿಗನು ಬುರುಡೆಯೊಡನೆ ಸ್ವಮರಣವನ್ನೂ ಮಾನವನ್ನೂ ಎದುರುಬದಿರಾಗಿ ತೂಗಿ ತೋರಿಸಿದ್ದನು. ಇದು ಅಪೂರ್ವ ವಸ್ತುವೇನಲ್ಲ. ಕಪಾಲದುಂಗುರ ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಪರಿಹಾಸದ ಉಪಮಾನವಾಗುವಷ್ಟು ಬಳಕೆಯಲ್ಲಿತ್ತು. 1649ರಲ್ಲಿ ಚಾರ್ಲ್ಸ್ ದೊರೆಯ ಶಿರಚ್ಛೇದವಾದ ಮೇಲೆ ಅವನ ಪಕ್ಷದವರು ಶೋಕದುಂಗುರಗಳನ್ನು ಗುಟ್ಟಾಗಿ ಧರಿಸಿದರು. ಮಡಿದ ಒಡೆಯನಿಗಾಗಿ ಶೋಕಚಿಹ್ನೆಯನ್ನು ತೊಡುವ ಈ ರೂಢಿಯೇ ವುಲ್ಫನಿಗಾಗಿ ಮರುಗಿದ ಹೇಲನಿಗೆ ದಾರಿ ತೋರಿಸಿತೆಂದು ನಾನು ಊಹಿಸುತ್ತೇನೆ. ಇದು ಊಹೆ, ಆದರೆ ಕಾಲಕ್ರಮಕ್ಕೆ ಹೊಂದುವ ಊಹೆ.

ಬ್ರನ್ಸ್‌ವಿಕ್ಕಿನ ವಿಚಾರ ಬೆಳೆಸಬೇಕಾಗಿಲ್ಲ. 1809ರ ಆ ಸೇನೆಯನ್ನು ಕಟ್ಟಿದ ಡ್ಯೂಕನ ತಂದೆ 1806ರಲ್ಲಿ ಔವರ್‌ಷ್ಟೆಟ್ ಕದನದಲ್ಲಿ ಗಾಯಗೊಂಡು ತೀರಿಕೊಂಡನು. ಮಗನು ಕಪ್ಪುಡುಪಿನ ಕಪಾಲದ ಪಡೆಯನ್ನು ಕಟ್ಟಿ, 1815ರಲ್ಲಿ ಕಾತ್ರ್ ಬ್ರಾ ಕದನದಲ್ಲಿ ತಾನೂ ಮಡಿದನು. ಅಲ್ಲಿಯೂ ಬುರುಡೆ ಧರಿಸಿದವನದೇ.

ನಮ್ಮ ವೀರಗಲ್ಲುಗಳನ್ನು ಬಲ್ಲವರಿಗೆ ಈ ವಿಕಲ್ಪ ಹೊಸದಲ್ಲ. ಗೆದ್ದರೆ ಲಕ್ಷ್ಮಿ, ಮಡಿದರೆ ಸುರಾಂಗನೆ, ಕ್ಷಣಭಂಗುರವಾದ ಕಾಯಕ್ಕೆ ರಣದಲ್ಲಿ ಸಾವಿನ ಚಿಂತೆಯೇತಕ್ಕೆ ಎಂದು ಸಾರುವ ಶ್ಲೋಕ ಕನ್ನಡನಾಡಿನ ಎಷ್ಟೋ ಕಲ್ಲುಗಳ ಮೇಲಿದೆ. ಎರಡಕ್ಕೂ ಸಂಬಂಧ ಕಲ್ಪಿಸುವ ಹುಚ್ಚು ನನಗಿಲ್ಲ. ವಾಕ್ಯದ ಕಟ್ಟು ಒಂದೇ ಎಂಬಷ್ಟನ್ನೇ ಗುರುತಿಸಿ ಮುಂದುವರಿಯುತ್ತೇನೆ.

ಉಳಿದದ್ದು ಎಸ್‌ಎಸ್ ಉಂಗುರ. ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ 1933ರ ಡಿಸೆಂಬರಿನಲ್ಲಿ ಕೊಡಲಾರಂಭಿಸಿದ, ಅದೇ ಪಡೆಯ ಅಧಿಕಾರಿ ವಿಲಿಗುಟ್ ರೇಖಿಸಿದ ಆ ಬೆಳ್ಳಿಯುಂಗುರದಲ್ಲಿ ಬುರುಡೆಯೂ ರೂನ್ ಎಂಬ ಪ್ರಾಚೀನ ಜರ್ಮಾನಿಕ್ ಅಕ್ಷರಗಳೂ ಇವೆ. ಧರಿಸಿದವನು ಸತ್ತರೆ ಅದನ್ನು ಹಿಂದಿರುಗಿಸಬೇಕು, ಮಡಿದವರ ಉಂಗುರಗಳನ್ನು ವೇವೆಲ್ಸ್‌ಬುರ್ಗ್ ಕೋಟೆಯಲ್ಲಿರಿಸಬೇಕು ಎಂಬ ವಿಧಿಯಲ್ಲಿ ಹಳೆಯ ಅರ್ಥದ ನೆರಳಿದೆಯೆಂದು ಒಪ್ಪುತ್ತೇನೆ. ಆದರೆ ಅದೇ ಬುರುಡೆಯನ್ನು ಕೊರಳಪಟ್ಟಿಯಲ್ಲಿ ತೊಟ್ಟು ಬಂದೀಶಿಬಿರಗಳಲ್ಲಿ ನಿರಾಯುಧರನ್ನು ಕಾದವರ ಮುಂದೆ ಯಾವ ವಿಕಲ್ಪವಿತ್ತು? ಸಾವು ಪೂರ್ತಿಯಾಗಿ ಎದುರಿನವನದಾಯಿತು, ‘ಅಥವಾ’ ಕಳಚಿಬಿತ್ತು. ಹಿರಿಯರು ಹೇಳುವ ಭೀತ್ಯರ್ಥ ಸಲ್ಲುವುದು ಇಲ್ಲಿಗೆ, ಇಲ್ಲಿಗೆ ಮಾತ್ರ. 1933ರ ಅರ್ಥವನ್ನು 1759ಕ್ಕೆ ಹಿಂದೂಡಿದ್ದೇ ಅವರ ಪ್ರಮಾದ.

ಅವರ ಪ್ರಬಂಧ ಪುನರ್ಮುದ್ರಣವಾಗುವುದಾದರೆ, ಕೊನೆಯ ಪುಟದ ಆ ವಂಶವೃಕ್ಷವನ್ನು ಕೈಬಿಡಬೇಕೆಂದು ಪ್ರಕಾಶಕರಲ್ಲಿ ನನ್ನ ವಿಜ್ಞಾಪನೆ.