ಬಳುವಳಿ, ಮುಯ್ಯಿ ಮತ್ತು ಮದುಮಗಳ ಸ್ವತ್ತು

ತುಮಕೂರು, ಗುಬ್ಬಿ, ಕುಣಿಗಲುಗಳ ಹಳೆಯ ಮನೆಗಳಲ್ಲಿ ಅಟ್ಟದ ಮೇಲಣ ಹಿತ್ತಾಳೆಯ ಕೊಳದಪ್ಪಲೆಯನ್ನೋ ತಾಮ್ರದ ಹಂಡೆಯನ್ನೋ ಕೆಳಗಿಳಿಸಿ, ಹುಣಿಸೆಹಣ್ಣು ಹಚ್ಚಿ ತಿಕ್ಕಿದರೆ, ಕಂಠದ ಬಳಿ ಅಕ್ಷರಗಳು ಮೂಡುವುದುಂಟು. ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಮದುವೆಯ ತಿಥಿ. ಕಲ್ಲಿನ ಶಾಸನಗಳಿಗಾಗಿ ಕಾಡುಮೇಡು ಅಲೆಯುವ ವಿದ್ವಾಂಸರು ಈ ಗೃಹಶಾಸನಗಳ ಕಡೆಗೆ ಕಣ್ಣು ಹಾಯಿಸಿದುದು ಕಡಿಮೆ. ದಾನಿಯ ಹೆಸರು ಇವುಗಳಲ್ಲಿ ಸ್ಪಷ್ಟವಾಗಿರುತ್ತದೆ. ಪಡೆದವಳ ಹೆಸರು ಅನೇಕ ವೇಳೆ ಇರುವುದೇ ಇಲ್ಲ. ಹಾಗಾದರೆ ಆ ಪಾತ್ರೆ ಯಾರ ಸ್ವತ್ತು?

ಈ ಸೀಮೆಯಲ್ಲಿ ಮದುವೆಯ ಉಡುಗೊರೆಗೆ ಮುಯ್ಯಿ ಎಂದು ಹೆಸರು. ಧಾರೆಯಾದ ಮೇಲೆ ಚಪ್ಪರದಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಇಂಥವರದು ಇಷ್ಟು ರೂಪಾಯಿ, ಇಂಥವರದು ಒಂದು ತಂಬಿಗೆ ಎಂದು ಬರೆದುಕೊಳ್ಳುತ್ತಿದ್ದರು. ಕೂಗಿ ಹೇಳುವುದೂ ಇತ್ತು. ಇದಕ್ಕೇ 'ಓದಿಸುವುದು' ಎಂಬ ಮಾತು. ಮುಯ್ಯಿ ಎಂದರೆ ಹಿಂದಿರುಗಿಸತಕ್ಕದ್ದು. ಆದುದರಿಂದ ಆ ಪುಸ್ತಕವು ಸಂತೋಷದ ದಾಖಲೆಯಾಗಿರುವಂತೆಯೇ ಸಾಲದ ದಾಖಲೆಯೂ ಹೌದು. ಹೊಸ ದಂಪತಿಗಳು ಸಂಸಾರ ಹೂಡುವಾಗ ಐದು ತಂಬಿಗೆ, ನಾಲ್ಕು ಹರಿವಾಣ, ಒಂದೇ ಬಗೆಯ ಮೂರು ಕುಂಕುಮದ ಭರಣಿ ಕಂಡು ನಗುವರು. ಅತ್ತೆಯಾದವಳು ನಗದೆ ಎರಡನ್ನು ಎತ್ತಿಡುವಳು, ಮುಂದಿನ ಮದುವೆಯ ಮುಯ್ಯಿಗೆ. ಹೆಸರು ಕೊರೆಸುವ ಪದ್ಧತಿ ಬಲಿತುದಕ್ಕೆ ಈ ಎತ್ತಿಡುವಿಕೆಯೂ ಒಂದು ಕಾರಣವಾಗಿರಬಹುದು.

ತವರಿನವರು ಕೊಡುವುದು ಬೇರೆ. ಅದಕ್ಕೆ ಕನ್ನಡದ ಹಳೆಯ ಮಾತು ಬಳುವಳಿ, ಶಾಸನಗಳಲ್ಲಿ ಬಳಿವಳಿ. ಧಾರವಾಡ ಸೀಮೆಯ ಹೆಬ್ಬಾಳದ 975ರ ಶಾಸನವು ಕನ್ನಡ ನಾಡಿನ ಅತಿ ದೊಡ್ಡ ಬಳುವಳಿಗಳಲ್ಲೊಂದನ್ನು ಹೇಳುತ್ತದೆ. ರಾಷ್ಟ್ರಕೂಟರ ಮೂರನೆಯ ಅಮೋಘವರ್ಷನು ಮಗಳು ರೇವಕನಿಮ್ಮಡಿಯನ್ನು ಗಂಗರ ಇಮ್ಮಡಿ ಬೂತುಗನಿಗೆ ಕೊಟ್ಟಾಗ, ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಇವು ಬಳುವಳಿಯಾಗಿ ಸಂದುವಂತೆ. ಆದರೆ ಮದ್ದೂರಿನ ಕಡೆಯ ಆತಕೂರು ಶಾಸನದಲ್ಲಿ, ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬೂತುಗನಿಗೆ, ಮೂರನೆಯ ಕೃಷ್ಣನು ಇದೇ ನಾಡುಗಳನ್ನು, ಜತೆಗೆ ಬನವಾಸಿ 12000ವನ್ನು, ಮೆಚ್ಚಿ ಕೊಟ್ಟನೆಂದಿದೆ. ಹಿಂದೆ ಕೊಟ್ಟುದನ್ನೇ ಕೃಷ್ಣನು ಸ್ಥಿರಪಡಿಸಿದನೆಂದು ಎರಡನ್ನೂ ಹೊಂದಿಸಬಹುದು. ಬಳುವಳಿಯೋ ವೀರನಿಗೆ ಮೆಚ್ಚುಗೆಯೋ, ನಾಡುಗಳು ಸೇರಿದ್ದು ಅಳಿಯನ ಆಳ್ವಿಕೆಗೆ. ರೇವಕನಿಮ್ಮಡಿಯು ಆ ಕೊಡುಗೆಗೆ ನಿಮಿತ್ತಳಷ್ಟೇ. ತುಮಕೂರಿನ ಸೀಮೆಯನ್ನೂ ಆಳಿದ ಅರಸುಮನೆಯ ಮಾತಿದು.

ಧರ್ಮಶಾಸ್ತ್ರದ ಮಾತು ಹೀಗಿರಲಿಲ್ಲ. ಅಗ್ನಿಸಾಕ್ಷಿಯಾಗಿ ಕೊಟ್ಟದ್ದು, ಗಂಡನ ಮನೆಗೆ ಹೊರಡುವಾಗ ಕೊಟ್ಟದ್ದು, ಪ್ರೀತಿಯಿಂದ ಕೊಟ್ಟದ್ದು, ತಂದೆ ತಾಯಿ ಸೋದರರು ಕೊಟ್ಟದ್ದು ಎಂದು ಮನುವು ಸ್ತ್ರೀಧನವನ್ನು ಆರು ಬಗೆಯಾಗಿ ಎಣಿಸಿದನು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇನ್ನೂ ಮುಂದೆ ಹೋಗಿ, ಯಾಜ್ಞವಲ್ಕ್ಯನ ಒಂದು 'ಆದ್ಯ' ಶಬ್ದವನ್ನು ಹಿಡಿದು, ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದುದೂ ಸ್ತ್ರೀಧನವೇ ಎಂದನು. ಒಂದು ಶಬ್ದದಿಂದ ಇಷ್ಟು ಆಸ್ತಿಯನ್ನು ಹೆಂಗಸಿಗೆ ದೊರಕಿಸಿದ ವ್ಯಾಖ್ಯಾನಕಾರ ಬೇರೊಬ್ಬನಿರಲಾರನು. ಕ್ಷಾಮ, ಧರ್ಮಕಾರ್ಯ, ರೋಗ, ಸೆರೆ ಈ ನಾಲ್ಕರಲ್ಲಿ ಗಂಡನು ತೆಗೆದುಕೊಂಡುದನ್ನು ಹಿಂದಕ್ಕೆ ಕೊಡಬೇಕಾಗಿಲ್ಲವೆಂಬ ಯಾಜ್ಞವಲ್ಕ್ಯನ ವಿನಾಯಿತಿ ಮಾತ್ರ ಉಳಿಯಿತು. ಸಂಸಾರಗಳು ಅದನ್ನು ನಾಲ್ಕರಲ್ಲಿ ನಿಲ್ಲಿಸಲಿಲ್ಲ. ಮಳೆ ತಪ್ಪಿದ ವರ್ಷ ಬೀಜಕ್ಕೆಂದು, ನಾದಿನಿಯ ಮದುವೆಗೆಂದು, ಮೊದಲು ಗಿರವಿಗೆ ಹೋಗುತ್ತಿದ್ದುದು ಸೊಸೆಯ ಕಾಸಿನ ಸರವೇ. ಆಷಾಢಕ್ಕೆ ತವರಿಗೆ ಬಂದ ಮಗಳ ಬರಿಯ ಕೊರಳನ್ನು ಕಂಡು ತಾಯಿ ಏನನ್ನೂ ಕೇಳದಿರುವುದೇ ಮರ್ಯಾದೆಯೆನಿಸಿತ್ತು.

ಒಕ್ಕಲು ಮಕ್ಕಳ ಅನೇಕ ಪಂಗಡಗಳಲ್ಲಿ ಹಿಂದೆ ಗಂಡಿನವರೇ ಹೆಣ್ಣಿನ ತಂದೆಗೆ ತೆರ ಕೊಡುತ್ತಿದ್ದರು. ಅಲ್ಲಿಯೂ ಹಣ ಸೇರುತ್ತಿದ್ದುದು ತಂದೆಯ ಕೈಗೆ. ವರದಕ್ಷಿಣೆ ಬಂದ ಮೇಲೆ ದಿಕ್ಕು ಬದಲಾಯಿತು, ಕೈ ಮಾತ್ರ ಗಂಡಸಿನದಾಗಿಯೇ ಉಳಿಯಿತು.

ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು ಸ್ತ್ರೀಧನವೆಂದರೆ ಏನೆಂಬುದನ್ನು ವಿಶಾಲವಾಗಿ ನಿರ್ಣಯಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಹಕ್ಕಿನ ಕಾಯಿದೆ ಬಂದುದು 1937ರಲ್ಲಿ; ತುಮಕೂರಿನ ಹೆಣ್ಣುಮಗಳು ಈ ವಿಷಯದಲ್ಲಿ ಧಾರವಾಡದ ಸೋದರಿಗಿಂತ ನಾಲ್ಕು ವರ್ಷ ಮುಂದಿದ್ದಳು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮದುವೆಗೆ ಮುಂಚೆ, ಮದುವೆಯಲ್ಲಿ, ಅನಂತರ ಬಂದ ಕೊಡುಗೆಗಳೆಲ್ಲ ಅವಳ ಪೂರ್ಣ ಸ್ವತ್ತೆಂದಿತು. 1961ರಲ್ಲಿ ವರದಕ್ಷಿಣೆ ನಿಷೇಧವಾಯಿತು. 1985ರ ನಿಯಮಗಳು, ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೇ ಇಟ್ಟುಕೊಳ್ಳತಕ್ಕದ್ದು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ನಂಟು ಬರೆದು ವಧೂವರರಿಬ್ಬರೂ ರುಜು ಹಾಕತಕ್ಕದ್ದು ಎಂದು ವಿಧಿಸಿದವು.

ನೋಡಿದರೆ ಇದು ಮುಯ್ಯಿಯ ಪುಸ್ತಕವೇ. ವಸ್ತು, ಹೆಸರು, ನಂಟು ಎಲ್ಲವೂ ಅದರಲ್ಲಿ ಮೊದಲಿಂದಲೂ ಇದ್ದುವು. ಪುಸ್ತಕವು ಮಾವನ ಪೆಟ್ಟಿಗೆಯಲ್ಲಿರುತ್ತಿತ್ತು, ಮದುಮಗಳ ರುಜುವಿಗೆ ಅದರಲ್ಲಿ ಜಾಗವಿರಲಿಲ್ಲ. ಪಾತ್ರೆಯಂಗಡಿಗಳಲ್ಲಿ ಈಗ ಉಕ್ಕಿನ ಪಾತ್ರೆಗಳ ಮೇಲೆ ವಿದ್ಯುತ್ತಿನ ಸೂಜಿಯಿಂದ ಹೆಸರು ಕೊರೆದುಕೊಡುವರು. ಯಾರ ಹೆಸರೆಂದು ಅಂಗಡಿಯವನು ಕೇಳಿದರೆ, ಕೊಳ್ಳುವವರು ಹೇಳುವುದು ಬಹುಮಟ್ಟಿಗೆ ತಮ್ಮದನ್ನೇ.