ತೆಂಗಿನ ನಾಡಿನ ಜಿನಶಾಸನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಪ್ರಾಂತವು ಇಂದು ತೆಂಗು ಹಾಗೂ ಕೊಬ್ಬರಿಗೆ ಹೆಸರಾಗಿದೆ. ಹೊಯ್ಸಳರ ಕಾಲದಲ್ಲಿ ಇಲ್ಲಿ ಜಿನಧರ್ಮವೂ ನೆಲೆಗೊಂಡಿದ್ದಿತೆಂಬುದಕ್ಕೆ ಶಿಲಾಶಾಸನಗಳೇ ಆಧಾರ.

ತಿಪಟೂರು ತಾಲ್ಲೂಕಿನ ಕರಡಾಳುವಿನ ಸುಮಾರು 1174ರ ಶಾಸನವು ಮನ ಕರಗಿಸುವಂಥದು. ಅವಸಾನಕಾಲದಲ್ಲಿ ಹರ್ಯಲೆಯೆಂಬ ಶ್ರಾವಕಿಯು ಮಗನನ್ನು ಬಳಿಗೆ ಕರೆದು, ತನ್ನನ್ನು ಕನಸಿನಲ್ಲಿಯೂ ನೆನೆಯದೆ ಧರ್ಮವನ್ನೇ ನೆನೆಯಬೇಕೆಂದೂ, ಜಿನಾಲಯವನ್ನು ಕಟ್ಟಿಸಬೇಕೆಂದೂ ತಿಳಿಸಿ, ಪಂಚಪದಗಳನ್ನು ಉಚ್ಚರಿಸುತ್ತ ದೇಹತ್ಯಾಗ ಮಾಡಿದಳು.

ಆ ತಾಯಿಯ ಮಾತು ನಮ್ಮವರೆಗೆ ಬಂದುದು ಶಾಸನವನ್ನು ಪ್ರತಿಮಾಡಿಸಿದವರಿಂದ. ಬಿ.ಎಲ್. ರೈಸ್‌ರವರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು.

ಆ ಕಾರ್ಯವು ಇನ್ನೂ ಮುಗಿದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಕಿಟ್ಟಯ್ಯನ ಶಾಸನವು ಬೆಳಕಿಗೆ ಬಂದುದು 2018ರಲ್ಲಿ. ಇತಿಹಾಸಾಸಕ್ತರೂ ಸ್ಥಳೀಯರೂ ಕೂಡಿ ಅದಕ್ಕೊಂದು ಮಂಟಪವನ್ನೇ ನಿರ್ಮಿಸಿದರು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಹಾಗೂ ಅದರ ಆಸುಪಾಸಿನ ಹಳ್ಳಿಗಳ ಶಾಸನಗಳನ್ನು ಅರಸಿ, ಮೂರು ಆಯಾಮಗಳ ಯಂತ್ರಚಿತ್ರಗಳಲ್ಲಿ ದಾಖಲಿಸುತ್ತಿದೆ.

ನಮ್ಮ ಸೀಮೆಯಲ್ಲಿಯೂ ಅಂಥ ಪ್ರಯತ್ನವಾಗಬೇಕು. ತೋಟದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಹಾಳು ಗುಡಿಯ ಮೆಟ್ಟಿಲಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಒಡೆಯದೆ, ಸುಣ್ಣ ಬಳಿಯದೆ, ಸ್ಥಳದಿಂದ ಕದಲಿಸದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಧರ್ಮಬಾಂಧವರೆಲ್ಲರ ಕರ್ತವ್ಯ. ನೂತನ ಬಿಂಬಪ್ರತಿಷ್ಠೆಯು ಎಷ್ಟು ಪುಣ್ಯಪ್ರದವೋ, ಹಿರಿಯರು ಕಡೆದಿಟ್ಟ ಅಕ್ಷರಗಳ ರಕ್ಷಣೆಯೂ ಅಷ್ಟೇ ಪುಣ್ಯಪ್ರದವಾದುದು. ಹರ್ಯಲೆಯು ಮಗನಿಂದ ಬಯಸಿದ ಧರ್ಮಸ್ಮರಣೆಯು ಇದರಿಂದಲೂ ಸಲ್ಲುತ್ತದೆ.